ತೋಟಕ್ಕೆ ಸರ್ಫೇಸಿ ನೋಟಿಸ್ ಬಂದ ಮೇಲೆ

ಮೂಡಿಗೆರೆ ಕಡೆ ಸರ್ಫೇಸಿ ಅಂದರೆ ಏನು ಅಂತ ಈಗ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2002ರಲ್ಲಿ ಬಂದ ಕೇಂದ್ರದ ಕಾಯ್ದೆ ಅದು. ಸಾಲ ಸುಸ್ತಿಯಾದರೆ, ಅಡಮಾನಕ್ಕೆ ಇಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆ ತಾನೇ ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ನಮ್ಮ ಏಳು ಎಕರೆ ತೋಟಕ್ಕೂ ಆ ನೋಟಿಸ್ ಬಂದಿತ್ತು. ತೋಟ ಉಳಿಯಿತು. ಹೇಗೆ ಉಳಿಸಿಕೊಂಡಿರಿ ಅಂತ ಕೇಳಿ ಬಣಕಲ್, ಗೋಣಿಬೀಡು, ಸಕಲೇಶಪುರ ಕಡೆಯಿಂದೆಲ್ಲ ಜನ ಫೋನ್ ಮಾಡುತ್ತಾರೆ. ಹೆಚ್ಚಿನವರು ಫೋನ್ ಮಾಡುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಲ ಅಪ್ಪನ ಹೆಸರಿನಲ್ಲಿತ್ತು, ಅಮ್ಮನದು ಜಾಮೀನು. ಐದು ಎಕರೆ ಅರೇಬಿಕಾ, ಒಂದು ಎಕರೆ ಚಿಲ್ಲರೆ ರೋಬಸ್ಟಾ, ಉಳಿದದ್ದು ಗದ್ದೆ. ಅರೇಬಿಕಾಕ್ಕೆ ಕಾಂಡಕೊರಕ ಹತ್ತಿತ್ತು. ಹುಳ ಕಾಂಡದೊಳಗೆ ಹೊಕ್ಕ ಗಿಡಕ್ಕೆ ಮದ್ದಿಲ್ಲ. ಗುರುತು ಹಿಡಿದು, ಬುಡಸಮೇತ ಕಿತ್ತು, ಸುಡಬೇಕು ಅಷ್ಟೇ. ಅರ್ಧ ತೋಟ ಹಾಗೆ ಸುಟ್ಟೆವು. ಮರುನಾಟಿಗೆ ಅಂತ ಸಾಲ ತೆಗೆದು ಚಂದ್ರಗಿರಿ ತಳಿ ಹಾಕಿದೆವು. ಹೊಸ ಗಿಡ ಸರಿಯಾದ ಫಸಲಿಗೆ ಬರುವುದಕ್ಕೆ ನಾಲ್ಕು ವರ್ಷವಾದರೂ ಬೇಕು. ಬರುವ ಹೊತ್ತಿಗೆ 2018ರ ಮಳೆ. ಮರುವರ್ಷ ಆಗಸ್ಟಿನಲ್ಲಿ ಬಣಕಲ್, ಕೊಟ್ಟಿಗೆಹಾರ ಕಡೆ ಗುಡ್ಡ ಕುಸಿದ ಮಳೆ. ಗಿಡದಲ್ಲಿದ್ದ ಕಾಯಿ ಕೊಳೆತು ನೆಲಕ್ಕೆ ಉದುರಿತ್ತು. ಆಮೇಲೆ ಕೊರೋನ ಬಂತು. ಆಗ ಕಾಫಿಗೆ ರೇಟೂ ಇರಲಿಲ್ಲ. ಕಂತು ನಿಂತದ್ದು ಹೀಗೆ. ದುಂದುವೆಚ್ಚ ಮಾಡಿ ಸಾಲ ಉಳಿಸಿಕೊಂಡ ಮನೆ ನಮ್ಮದಲ್ಲ. ನಮ್ಮ ಊರಿನಲ್ಲಿ ನೋಟಿಸ್ ಬಂದ ಬೇರೆ ಮನೆಗಳೂ ಹಾಗಿಲ್ಲ.

ನೋಟಿಸ್ ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ಪಕ್ಕದ ತೋಟದ ಹಿರಿಯರೊಬ್ಬರು, "ಸಹಿ ಹಾಕ್ಬೇಡಿ, ವಾಪಸ್ ಕಳಿಸಿಬಿಡಿ, ಮುಟ್ಟಿದ್ದಕ್ಕೆ ದಾಖಲೆ ಇಲ್ದೇ ಇದ್ರೆ ಏನೂ ಮಾಡಕ್ಕಾಗಲ್ಲ" ಅಂದರು. ಈ ಸಲಹೆ ನಮ್ಮಲ್ಲಿ ಎಲ್ಲರೂ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಬೇಡ ಅಂತ ವಾಪಸ್ ಕಳಿಸಿದ ಪೋಸ್ಟನ್ನು ಕಾನೂನು ಮುಟ್ಟಿದ ಹಾಗೇ ಲೆಕ್ಕ ಹಿಡಿಯುತ್ತದೆ. ನಷ್ಟ ಆಗುವುದು ನಮಗೇ, ಯಾಕೆಂದರೆ ಒಳಗೆ ಏನು ಬರೆದಿದೆ ಅನ್ನುವುದು ಗೊತ್ತಾಗುವುದಿಲ್ಲ. ಅಪ್ಪ ಸಹಿ ಹಾಕಿ ತೆಗೆದುಕೊಂಡರು.

ಇದನ್ನು 13(2) ನೋಟಿಸ್ ಅನ್ನುತ್ತಾರೆ, ಕಾಯ್ದೆಯ ಕಲಂ ನಂಬರಿನಿಂದ. 60 ದಿನದೊಳಗೆ ಪೂರ್ತಿ ಬಾಕಿ ಕಟ್ಟಿ, ಇಲ್ಲವಾದರೆ ಆಸ್ತಿ ವಶಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಅದರಲ್ಲಿ ಇರುತ್ತದೆ. ಬಾಕಿ ಎಷ್ಟು, ಯಾವ ಆಸ್ತಿ ಅನ್ನುವ ವಿವರವನ್ನು ಬ್ಯಾಂಕು ಅದರಲ್ಲೇ ಕೊಡಬೇಕು. ನಮ್ಮದರಲ್ಲಿ 29 ಲಕ್ಷ ಚಿಲ್ಲರೆ ಅಂತಿತ್ತು. ಅಸಲು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದೆಲ್ಲ ಬಡ್ಡಿ. ಕೊನೆಯ ಹಾಳೆಯ ಷೆಡ್ಯೂಲಿನಲ್ಲಿ ನಮ್ಮ ಸರ್ವೆ ನಂಬರುಗಳು, ಚಕ್ಕುಬಂದಿ, ಎಲ್ಲದರ ಮೇಲೆ ಒಂದು ಸಾಲು: ಕಾಫಿ ಪ್ಲಾಂಟೇಶನ್, ಕಟ್ಟಡ ಸಹಿತ. ಗದ್ದೆಯನ್ನೂ ಅದರೊಳಗೇ ಸೇರಿಸಿದ್ದರು. ಆ ಒಂದು ಸಾಲಿನ ಮೇಲೆ ಮುಂದೆ ಇಷ್ಟೆಲ್ಲ ನಡೆಯುತ್ತದೆ ಅಂತ ಅವತ್ತು ನಮಗೆ ಗೊತ್ತಿರಲಿಲ್ಲ.

ನಮ್ಮ ಮನೆಯ ಹಳೇ ವಕೀಲರು ಮೂಡಿಗೆರೆಯವರು. ಗಡಿ ತಕರಾರು, ಪಾಲು ಪಾರೀಕತ್ತಿನ ಕೇಸು ನಡೆಸುವವರು. ಅವರು ನೇರವಾಗಿ ಹೇಳಿದರು: "ಗೌಡ್ರೇ, ಇದಕ್ಕೆ ಇಲ್ಲಿ ಸಿವಿಲ್ ಕೋರ್ಟಲ್ಲಿ ಸ್ಟೇ ಸಿಗಲ್ಲ. ಸಿಗುತ್ತೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ." ಕಾಯ್ದೆಯ 34ನೇ ಕಲಂ ಸಿವಿಲ್ ಕೋರ್ಟಿನ ಬಾಗಿಲು ಹಾಕಿಬಿಟ್ಟಿದೆ. ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಕೇಸುಗಳನ್ನೇ ನೋಡುವ ಇನ್ನೊಬ್ಬ ವಕೀಲರ ಹತ್ತಿರ ಅವರೇ ಕಳಿಸಿದರು. ತಮಗೆ ಬರದ ಕೆಲಸವನ್ನು ಬರುವುದಿಲ್ಲ ಅಂತ ಹೇಳುವ ವಕೀಲರು ಸಿಕ್ಕಿದ್ದು ನಮ್ಮ ಪುಣ್ಯ.

ಚಿಕ್ಕಮಗಳೂರಿನ ವಕೀಲರು ಮೊದಲು ಕೇಳಿದ್ದು ಅಪ್ಪನ ಕಷ್ಟದ ಕತೆಯನ್ನಲ್ಲ, ಲೋನ್ ಅಕೌಂಟಿನ ಸ್ಟೇಟ್‌ಮೆಂಟ್. ಸಾಲ ಕೊಟ್ಟ ದಿನದಿಂದ ಇವತ್ತಿನವರೆಗಿನದು ಪೂರ್ತಿ ಬೇಕು ಅಂದರು. ಬ್ಯಾಂಕಿನವರು ಮೊದಲು ಕೊನೆಯ ಒಂದು ವರ್ಷದ್ದು ಕೊಟ್ಟರು. ಬರವಣಿಗೆಯಲ್ಲಿ ಕೇಳಿ, ಸೀಲು ಹಾಕಿಸಿಕೊಂಡು ಬಂದ ಮೇಲೆ ಪೂರ್ತಿ ಕೊಟ್ಟರು. ವಕೀಲರ ಟೇಬಲ್ಲಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಕೂತೆವು. ಅವರು ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದುತ್ತಾ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ನಾವು ಕಟ್ಟಿದ ಎರಡು ಮೊತ್ತ ಅಸಲಿಗೂ ಬಡ್ಡಿಗೂ ಹೋಗದೆ ಚಾರ್ಜು, ವಿಮೆ ಅಂತ ಕಳೆದಿದ್ದವು. ಮಳೆ ಹಾನಿಯಾದ ವರ್ಷ ನಾವು ಕೊಟ್ಟಿದ್ದ ಅರ್ಜಿಯ ಸುದ್ದಿಯೇ ಇರಲಿಲ್ಲ. ಆಮೇಲೆ ಎನ್‌ಪಿಎ ಆದ ತಾರೀಕಿಗೆ, ಅಂದರೆ ಬ್ಯಾಂಕು ನಮ್ಮದನ್ನು ವಸೂಲಾಗದ ಸಾಲ ಅಂತ ಲೆಕ್ಕ ಹಿಡಿದ ದಿನಕ್ಕೆ ಬಂದರು. ಬೇರೆ ಸಾಲಕ್ಕೆ 90 ದಿನ ಬಾಕಿ ನಿಂತರೆ ಎನ್‌ಪಿಎ. ಬೆಳೆ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕ ಬೇರೆ: ಅಲ್ಪಾವಧಿ ಬೆಳೆಯಾದರೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ನಿಂತಿರಬೇಕು. ನಮ್ಮ ಸಾಲಕ್ಕೆ ಯಾವ ಲೆಕ್ಕ ಹಿಡಿದಿರಿ ಅಂತ ಕೇಳಬೇಕು ಅಂದರು ವಕೀಲರು.

ನೋಟಿಸಿಗೆ ಉತ್ತರ ಬರೆಯುವುದು ಸಾಲಗಾರನ ಹಕ್ಕು. ನಾವು ಬರೆದು ಕೊಟ್ಟರೆ ಬ್ಯಾಂಕು ಅದನ್ನು ಓದಿ, ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಕಾರಣ ಕೊಟ್ಟು 15 ದಿನದೊಳಗೆ ಬರೆದು ತಿಳಿಸಲೇಬೇಕು. ಕಾಯ್ದೆಯ 13(3ಎ) ಅದು. ಮ್ಯಾನೇಜರ್ ಹತ್ತಿರ ಹೋಗಿ ಕೈ ಮುಗಿದು ಮಾತಾಡಿದ್ದು ಎಲ್ಲೂ ದಾಖಲಾಗುವುದಿಲ್ಲ. ನಮ್ಮ ಪರಿಚಯದವರೊಬ್ಬರು ಆ 60 ದಿನವನ್ನೂ ಬ್ಯಾಂಕಿಗೆ ಓಡಾಡಿ, ನಾಳೆ ಬನ್ನಿ ನಾಡಿದ್ದು ಬನ್ನಿ ಅನ್ನಿಸಿಕೊಂಡೇ ಕಳೆದರು. ಅವರ ಪರವಾಗಿ ಒಂದು ಕಾಗದವೂ ಇರಲಿಲ್ಲ. ನಮ್ಮ ಉತ್ತರ ಆರು ಪುಟ ಆಯಿತು. ಲೆಕ್ಕದ ತಕರಾರು, ಎನ್‌ಪಿಎ ತಾರೀಕು, ಮಳೆ ಹಾನಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ಇದು ಕೃಷಿ ಭೂಮಿ ಅನ್ನುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಫಿ ನಾಡಿನ ಸರ್ಫೇಸಿ ಜಗಳ ಎಲ್ಲ ಇರುವುದು ಇಲ್ಲೇ.

ಕೃಷಿ ಭೂಮಿಯ ಅಡಮಾನಕ್ಕೆ ಈ ಕಾಯ್ದೆ ಅನ್ವಯ ಆಗುವುದಿಲ್ಲ. 31ನೇ ಕಲಮಿನ (ಐ) ಉಪಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಂಡ್ಯದ ಕಬ್ಬಿನ ಗದ್ದೆ, ಅರಸೀಕೆರೆಯ ರಾಗಿ ಹೊಲಕ್ಕೆ ಹೋಗಿ ಬ್ಯಾಂಕಿನವರು ಈ ನೋಟಿಸ್ ಅಂಟಿಸುವುದಿಲ್ಲ. ಹಾಗಾದರೆ ಕಾಫಿ? ಕಾಫಿ ಪ್ಲಾಂಟೇಶನ್, ಅದು ಉದ್ಯಮ ಅನ್ನುತ್ತಾರೆ ಬ್ಯಾಂಕಿನವರು. ಅವರ ಕೈಯಲ್ಲೂ ಆಧಾರ ಇದೆ. ನಮ್ಮ ರಾಜ್ಯದ 1961ರ ಭೂಸುಧಾರಣಾ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸನ್ನು ಪ್ಲಾಂಟೇಶನ್ ಬೆಳೆ ಅಂತ ಬೇರೆ ಇಟ್ಟು, ಪ್ಲಾಂಟೇಶನ್ನುಗಳಿಗೆ ಹೆಚ್ಚಿನ ಕಲಮುಗಳಿಂದ ವಿನಾಯಿತಿ ಕೊಟ್ಟಿದೆ. ಕಾಫಿ ಬೋರ್ಡ್ ಇರುವುದು ಕೃಷಿ ಸಚಿವಾಲಯದ ಕೆಳಗಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ.

ನಮ್ಮ ಆಧಾರ ಏನು? ಪಹಣಿಯ 12ನೇ ಕಾಲಂ. ಅಲ್ಲಿ ಯಾವ ಬೆಳೆ, ಎಷ್ಟು ಎಕರೆ, ಯಾರ ಸಾಗುವಳಿ ಅಂತ ಇರುತ್ತದೆ. ಆಮೇಲೆ ಆದಾಯ ತೆರಿಗೆಯವರದ್ದೇ ನಿಯಮ, 7ಬಿ. ಬೆಳೆಗಾರ ತನ್ನ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಅಂದರೆ ಒಣಗಿದ ಬೀಜದ ಹೊಟ್ಟು ತೆಗೆಸಿ ಹಸನು ಮಾಡಿಸಿ, ಮಾರಿದರೆ ಆದಾಯದಲ್ಲಿ ಶೇ 25ನ್ನು ಮಾತ್ರ ವ್ಯಾಪಾರದ್ದು ಅಂತ ಹಿಡಿಯುತ್ತಾರೆ, ಉಳಿದ ಶೇ 75 ಕೃಷಿ ಆದಾಯ. ನಾವು ಕ್ಯೂರಿಂಗ್ ಕೂಡ ಮಾಡಿಸುವುದಿಲ್ಲ. ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿ, 50 ಕೆಜಿ ಮೂಟೆ ಕಟ್ಟಿ, ಪಾರ್ಚ್‌ಮೆಂಟನ್ನು, ಅಂದರೆ ಹೊಟ್ಟು ಸಮೇತದ ಬೀಜವನ್ನು, ಹಾಗೇ ಮಾರುತ್ತೇವೆ. ತೆರಿಗೆಗೆ ಕೃಷಿ, ಹರಾಜಿಗೆ ಮಾತ್ರ ಉದ್ಯಮ ಅಂದರೆ ಹೇಗೆ? ಅಪ್ಪ ಮೂರನೇ ತರಗತಿ ಓದಿದವರು. ಅವರೇ ಈ ಪ್ರಶ್ನೆ ಕೇಳಿದ್ದು. ನಮ್ಮ ಇಡೀ ಕೇಸು ನಿಂತದ್ದು ಅದರ ಮೇಲೆ. ನೂರಾರು ಎಕರೆ ಎಸ್ಟೇಟಿನ ಕಂಪನಿಯನ್ನೂ, ತಾನೇ ಕಸಿ ಮಾಡಿ ತಾನೇ ಗೊಬ್ಬರ ಹಾಕುವ ಏಳು ಎಕರೆಯವನನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವೇ? ನನಗೆ ಹಾಗನ್ನಿಸುವುದಿಲ್ಲ.

ಬ್ಯಾಂಕಿನ ಉತ್ತರ ಬಂತು. ಅವಧಿಯೊಳಗೇ ಬಂತು. ಲೆಕ್ಕ ಸರಿಯಾಗಿದೆ, ಆಸ್ತಿ ಪ್ಲಾಂಟೇಶನ್ ಆದ್ದರಿಂದ ವಿನಾಯಿತಿ ಇಲ್ಲ, ನಿಮ್ಮ ಆಕ್ಷೇಪಣೆ ತಿರಸ್ಕರಿಸಿದ್ದೇವೆ. ಆರು ಪುಟಕ್ಕೆ ಅರ್ಧ ಪುಟದ ಉತ್ತರ. ವಕೀಲರು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಇದು ನಮಗೇ ಬೇಕಾದ ಕಾಗದ, ಜೋಪಾನವಾಗಿ ಇಡಿ" ಅಂದರು.

ವಶದ ನೋಟಿಸ್ ಅಂಟಿಸಲು ಬಂದದ್ದು ಕೊಯ್ಲಿನ ಸಮಯದಲ್ಲಿ. ಸಂಜೆ ನಾಲ್ಕರ ಹೊತ್ತು. ಹಣ್ಣು ಅಳೆಯುವ ಹೊತ್ತು ಅದು. ಆಳುಗಳೆಲ್ಲ ಅವತ್ತು ಕೊಯ್ದ ಹಣ್ಣಿನ ಚೀಲ ಹೊತ್ತು ತಂದು ಕಣದಲ್ಲಿ ಸಾಲಾಗಿ ನಿಂತಿದ್ದರು. ಜೀಪು ಗೇಟಿನ ಹತ್ತಿರ ನಿಂತಿತು. ಬ್ಯಾಂಕಿನ ಅಧಿಕಾರಿ, ಇಬ್ಬರು ಹುಡುಗರು, ಜೊತೆಗೆ ಕ್ಯಾಮೆರಾ. ಒಬ್ಬ ಡಬ್ಬಿಯಲ್ಲಿ ತಂದ ಗೋಂದನ್ನು ಬ್ರಶ್ಶಿನಲ್ಲಿ ಗೇಟಿನ ಕಂಬಕ್ಕೆ ಬಳಿದ. ಪಾಚಿ ಹಿಡಿದ ಕಂಬ, ಕಾಗದ ನಿಲ್ಲಲಿಲ್ಲ. ಕೈಯಿಂದ ಪಾಚಿ ಕೆರೆದು ಮತ್ತೆ ಅಂಟಿಸಿದ. ಪಕ್ಕದಲ್ಲಿ ಅಪ್ಪನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು ಅಂದರು. ಅಪ್ಪ ನಿಂತರು. ಮೈಮೇಲೆ ಕೆಲಸದ ಅಂಗಿ, ಕೈಯಲ್ಲಿ ಲೆಕ್ಕದ ಪುಸ್ತಕ. ಅಮ್ಮ ಒಳಗಿಂದ ಬಂದವರು ನನಗೆ, "ದೂರದಿಂದ ಬಂದಿದ್ದಾರೆ ಮಗ, ಕಾಫಿ ಕುಡೀತಾರಾ ಕೇಳು" ಅಂದರು. ಅಧಿಕಾರಿ ಬೇಡ ಅಂದರು. ಗೋಂದು ಹಚ್ಚಿದ ಹುಡುಗ ಕೈ ತೊಳೆದುಕೊಂಡು ಬಂದು ಕುಡಿದ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಆಳುಗಳು ಅವತ್ತು ಕೂಲಿ ಲೆಕ್ಕ ಕೇಳದೆ ಹೋದರು. ಮಾರನೇ ದಿನ ಎಲ್ಲರೂ ಕೆಲಸಕ್ಕೆ ಬಂದರು.

ವಾರದೊಳಗೆ ಎರಡು ಪೇಪರಿನಲ್ಲಿ ಬಂತು. ಒಂದು ಕನ್ನಡದ್ದು, ಒಂದು ಇಂಗ್ಲಿಷ್. ಹಾಗೆ ಪ್ರಕಟಿಸಬೇಕು ಅಂತ ನಿಯಮವೇ ಇದೆ. ಅಪ್ಪನ ಹೆಸರು, ಅಜ್ಜನ ಹೆಸರು, ಊರು, ಸರ್ವೆ ನಂಬರು, ಬಾಕಿ ಮೊತ್ತ ಎಲ್ಲ ಇತ್ತು. ಮಂಗಳೂರಿನಲ್ಲಿರುವ ಅತ್ತೆ ಅಳುತ್ತಾ ಫೋನ್ ಮಾಡಿದರು. ಅಪ್ಪ ಕೆಲವು ವಾರ ಸಂತೆಗೆ ಹೋಗುವುದನ್ನೇ ಬಿಟ್ಟರು. ಈ ಮರ್ಯಾದೆಯ ಪೆಟ್ಟು ಇದೆಯಲ್ಲ, ಇದಕ್ಕೆ ಹೆದರಿಯೇ ಎಷ್ಟೋ ಜನ ಸುಮ್ನೆ ತೋಟ ಮಾರಿ ಸಾಲ ತೀರಿಸಿ ಹೋಗಿಬಿಡುತ್ತಾರೆ. ಆಗ ಸಿಗುವ ಬೆಲೆ ಎಂಥದ್ದು ಅಂತ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಪೇಪರಿನಲ್ಲಿ ಬಂದ ವಾರವೇ ನಮ್ಮ ಮನೆಗೆ ಇಬ್ಬರು ಬಂದಿದ್ದರು.

ಒಂದು ವಿಷಯ ತಿಳಿದಿರಲಿ. ನೋಟಿಸ್ ಅಂಟಿಸಿದ ಕೂಡಲೇ ತೋಟ ಬಿಟ್ಟು ಹೊರಡಬೇಕಾಗಿಲ್ಲ. ಅದು ಕಾಗದದ ಮೇಲಿನ ವಶ. ನಾವು ಕೊಯ್ಲು ಮುಗಿಸಿದೆವು, ಕಪಾತು ಮಾಡಿಸಿದೆವು, ಆ ಮನೆಯಲ್ಲೇ ಇದ್ದೆವು. ನಿಜವಾಗಿ ಹೊರಗೆ ಹಾಕಬೇಕಾದರೆ ಸಾಮಾನ್ಯವಾಗಿ ಬ್ಯಾಂಕು 14ನೇ ಕಲಮಿನಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಆದೇಶ ತರುತ್ತದೆ. ಅಲ್ಲಿ ಹೋಗಿ ಇದು ಕೃಷಿ ಭೂಮಿ ಅಂತ ವಾದ ಮಾಡಿದರೂ ತೀರ್ಮಾನ ಸಿಗುವುದಿಲ್ಲ. ತೀರ್ಮಾನ ಮಾಡುವ ಜಾಗ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಎಲ್ಲರೂ ಡಿಆರ್‌ಟಿ ಅನ್ನುವುದು ಅದನ್ನೇ. ವಶದ ಕ್ರಮ ಆದ 45 ದಿನದೊಳಗೆ 17ನೇ ಕಲಮಿನಲ್ಲಿ ಅಲ್ಲಿ ಅರ್ಜಿ ಹಾಕಬೇಕು. ಆ 45 ದಿನ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಆಮೇಲೆ ಉಳಿಯುವ ದಾರಿ ಬಹಳ ಕಡಿಮೆ.

ವಕೀಲರು ಅಷ್ಟು ಹೊತ್ತಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪು ತೆಗೆದಿಟ್ಟಿದ್ದರು. 2018ರದ್ದು ಇಂಡಿಯನ್ ಬ್ಯಾಂಕ್ ಮತ್ತು ಪಪ್ಪಿರೆಡ್ಡಿಯಾರ್ ಅವರ ಕೇಸು. ಭೂಮಿ ಕೃಷಿಯದ್ದೋ ಅಲ್ಲವೋ ಅನ್ನುವುದನ್ನು ಅದರ ಸ್ವರೂಪ, ಬಳಕೆ ನೋಡಿ, ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು ಅಂತ ಅದರಲ್ಲಿದೆ. ಇನ್ನೊಂದು 2023ರ ಜನವರಿಯದ್ದು, ಕೆ. ಶ್ರೀಧರ್ ಕೇಸು. ವಿನಾಯಿತಿ ಬೇಕು ಅನ್ನುವ ಸಾಲಗಾರನೇ ಅದನ್ನು ಸಾಬೀತು ಮಾಡಬೇಕು, ಕಂದಾಯ ದಾಖಲೆಯಲ್ಲಿ ಕೃಷಿ ಅಂತ ಇದ್ದರೆ ಸಾಲದು, ಆ ಭೂಮಿಯಲ್ಲಿ ನಿಜವಾಗಿ ಕೃಷಿ ನಡೆಯುತ್ತಿರಬೇಕು ಅಂತ ಅದು. ಬ್ಯಾಂಕಿನವರು ಎರಡನೆಯದನ್ನು ಹಿಡಿದುಕೊಂಡು ಬರುತ್ತಾರೆ, ಪಹಣಿ ಒಂದನ್ನೇ ನಂಬಿ ಕೂರುವ ಹಾಗಿಲ್ಲ ಅಂದರು.

ಹಾಗಾಗಿ ದಾಖಲೆ ಕೂಡಿಸಲು ಕೂತೆವು. ಹತ್ತು ವರ್ಷದ ಪಹಣಿ ತೆಗೆಸಿದೆವು. ಗ್ರಾಮ ಆಡಳಿತ ಅಧಿಕಾರಿಯನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಸ್ಥಳ ನೋಡಿ ಬೆಳೆ ದೃಢೀಕರಣ ಬರೆಸಿದೆವು. ಸಾಲ ಮಂಜೂರು ಮಾಡುವಾಗ ಬ್ಯಾಂಕೇ ಕೊಟ್ಟ ಪತ್ರ ಸಿಕ್ಕಿತು. ಅದರಲ್ಲಿ ಕೃಷಿ ಸಾಲ ಅಂತಲೇ ಬರೆದಿತ್ತು. ಅದನ್ನು ಮೊದಲ ಹಾಳೆಯಾಗಿ ಹಾಕಿದರು. ಕಾಫಿ ಬೋರ್ಡಿನ ನೋಂದಣಿ, ಗೊಬ್ಬರದ ಬಿಲ್ಲು, ವ್ಯಾಪಾರಿಗೆ ಪಾರ್ಚ್‌ಮೆಂಟ್ ಹಾಕಿದ ಚೀಟಿಗಳು, ಮಳೆ ಹಾನಿ ಅರ್ಜಿಯ ಸ್ವೀಕೃತಿ ಎಲ್ಲ ಹುಡುಕಿದೆವು. ಅಪ್ಪನ ಕೂಲಿ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿದ್ದವು. ಅಂಚೆಲ್ಲ ಗೆದ್ದಲು ತಿಂದಿತ್ತು. ದಿನ, ಆಳಿನ ಹೆಸರು, ಕಳೆ, ಕಪಾತು, ಮರಗಸಿ, ಕೊಯ್ಲು, ಕೊಟ್ಟ ದುಡ್ಡು, ಪ್ರತಿ ಪುಟದ ಕೆಳಗೆ ಅಪ್ಪನ ಸಹಿ. ವಕೀಲರು ಅದನ್ನು ಬಹಳ ಹೊತ್ತು ತಿರುವಿ ಹಾಕಿ, "ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದೂ ಇಲ್ಲ ಗೌಡ್ರೇ" ಅಂದರು. ಸಣ್ಣ ಬೆಳೆಗಾರರು ಬಿಲ್ಲು ಚೀಟಿ ಎಸೆಯುವುದೇ ಜಾಸ್ತಿ. ದಯವಿಟ್ಟು ಎಸೆಯಬೇಡಿ.

ಗದ್ದೆಯದ್ದು ಬೇರೆಯೇ ವಾದ ಆಯಿತು. ಒಂದು ಸರ್ವೆ ನಂಬರಿನಲ್ಲಿ ಭತ್ತ ಬೆಳೆಯುತ್ತಿದ್ದೆವು. ಅದನ್ನೂ ಪ್ಲಾಂಟೇಶನ್ ಅಂತ ಬರೆದಿದ್ದರಿಂದ ಬ್ಯಾಂಕಿನವರು ಸ್ಥಳ ನೋಡದೆಯೇ ಷೆಡ್ಯೂಲ್ ಬರೆದಿದ್ದಾರೆ ಅನ್ನುವುದು ಎದ್ದು ಕಂಡಿತು. ನಾಟಿ ಮಾಡಿದ ಗದ್ದೆಯ ಫೋಟೋವನ್ನು ವಕೀಲರು ದೊಡ್ಡದಾಗಿ ಪ್ರಿಂಟ್ ಹಾಕಿಸಿದರು.

ಬೆಂಗಳೂರಿನ ವಿಚಾರಣೆ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರಾತ್ರಿ ಬಸ್ಸು ಹತ್ತಿ ಹೋಗುವುದು, ನಮ್ಮ ನಂಬರ್ ಕೂಗುವವರೆಗೆ ಕಾಯುವುದು, ಕೂಗಿದ ಮೇಲೆ ಕೆಲವೇ ನಿಮಿಷ. ಕೋರ್ಟ್ ಫೀ ಸಾಲದ ಮೊತ್ತದ ಮೇಲೆ ಹೋಗುತ್ತದೆ, ವಕೀಲರ ಫೀಸ್ ಬೇರೆ. ಬೆಟ್ಟದ ಮೇಲಿನ ಸಣ್ಣ ರೈತನಿಗೆ ನ್ಯಾಯ ಕೇಳುವುದಕ್ಕೆ ಇಷ್ಟು ದೂರ, ಇಷ್ಟು ಖರ್ಚು ಇರಬಾರದು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಗೆ. ಅಲ್ಲಿ ಅರ್ಜಿ ತೆಗೆದುಕೊಳ್ಳಬೇಕಾದರೇ ಸಾಲದ ಅರ್ಧ ಮೊತ್ತ ಕಟ್ಟಬೇಕು, ಮಂಡಳಿ ಮನಸ್ಸು ಮಾಡಿದರೆ ಕಾಲು ಭಾಗಕ್ಕೆ ಇಳಿಸಬಹುದು. ದುಡ್ಡಿಲ್ಲ ಅಂತಲೇ ತೋಟ ಹೋಗುತ್ತಿರುವವನು ಅಷ್ಟು ಎಲ್ಲಿಂದ ತರಬೇಕು, ಅಲ್ವಾ?

ನಮಗೆ ತಡೆಯಾಜ್ಞೆ ಸಿಕ್ಕಿತು. ಬಾಕಿಯ ಕಾಲು ಭಾಗವನ್ನು ಎರಡು ಕಂತಿನಲ್ಲಿ ಕಟ್ಟಬೇಕು ಅನ್ನುವ ಷರತ್ತಿನ ಮೇಲೆ. ಅಪ್ಪ ಸಿಲ್ವರ್ ಓಕ್ ಮರ ಮಾರಿಬಿಡೋಣ ಅಂದರು. ವಕೀಲರು ಬೇಡವೇ ಬೇಡ ಅಂದರು. 13(2) ನೋಟಿಸ್ ಮುಟ್ಟಿದ ಮೇಲೆ ಅಡಮಾನದ ಆಸ್ತಿಯನ್ನು ಬ್ಯಾಂಕಿನ ಬರವಣಿಗೆಯ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ, ಗುತ್ತಿಗೆಗೆ ಕೊಡುವ ಹಾಗಿಲ್ಲ. ಅದರ ಮೇಲಿನ ಮರಕ್ಕೆ ಕೈ ಹಾಕಿದರೆ ಇಲ್ಲದ ತಕರಾರು. ಮೊದಲ ಕಂತಿಗೆ ಅಟ್ಟದಲ್ಲಿ ಇಟ್ಟಿದ್ದ ಎರಡು ವರ್ಷದ ಮೆಣಸು ಹೋಯಿತು. ಎರಡನೆಯದಕ್ಕೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟೆವು, ಉಳಿದದ್ದನ್ನು ಭಾವ ಕೊಟ್ಟರು. ಭಾವ ಬರೆಸಿಕೊಳ್ಳಲಿಲ್ಲ, ಬಡ್ಡಿ ಕೇಳಲಿಲ್ಲ.

ಕೇಸು ನಡೆಯುತ್ತಿರುವಾಗಲೇ, 2023ರ ಸೆಪ್ಟೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂತು. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸ್ ಪ್ರಕಟವಾಗುವವರೆಗೆ ಮಾತ್ರ. 2016ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಬಂದ ಮಾತು, ಈ ತೀರ್ಪು ಅದನ್ನು ಗಟ್ಟಿ ಮಾಡಿತು. ಹರಾಜಿನ ದಿನದವರೆಗೂ ಟೈಮ್ ಇದೆ ಅಂತ ನಮ್ಮ ಕಡೆ ಈಗಲೂ ನಂಬಿಕೊಂಡಿದ್ದಾರೆ. ಇಲ್ಲ. ಪೇಪರಿನಲ್ಲಿ ಹರಾಜು ನೋಟಿಸ್ ಬಂದ ದಿನಕ್ಕೆ ಆ ಹಕ್ಕು ಮುಗಿಯುತ್ತದೆ. ನಮಗೆ ತಡೆಯಾಜ್ಞೆ ಇದ್ದದ್ದರಿಂದ ಹರಾಜು ನೋಟಿಸ್ ಬರಲಿಲ್ಲ, ಉಸಿರಾಡುವುದಕ್ಕೆ ಸಮಯ ಸಿಕ್ಕಿತು.

ಆ ಸಮಯದಲ್ಲಿ ಕಾಫಿ ರೇಟು ಏರಿತು. 2024ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು, 2025ರ ಮೊದಲ ತಿಂಗಳುಗಳಲ್ಲಿ ಅರೇಬಿಕಾ ಕೂಡ. ಸುಟ್ಟ ಜಾಗದಲ್ಲಿ ಸಾಲ ಮಾಡಿ ನೆಟ್ಟಿದ್ದ ಚಂದ್ರಗಿರಿ ಗಿಡಗಳು ಅಷ್ಟು ಹೊತ್ತಿಗೆ ತುಂಬು ಫಸಲಿಗೆ ಬಂದಿದ್ದವು. ಒಂದೆರಡು ವರ್ಷ ಮುಂಚೆ ಹರಾಜಾಗಿದ್ದರೆ ಈ ಫಸಲು ಬೇರೆ ಯಾರದ್ದೋ ಆಗುತ್ತಿತ್ತು. ಹಾಗೆ ಕಳೆದುಕೊಂಡ ಮನೆಗಳು ನಮ್ಮ ತಾಲ್ಲೂಕಿನಲ್ಲಿವೆ, ಅವರನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬ್ಯಾಂಕಿನ ಹತ್ತಿರ ಒಂದೇ ಸಲ ಕಟ್ಟಿ ಮುಗಿಸುವ ಮಾತುಕತೆಗೆ ಕೂತೆವು, ಒಟಿಎಸ್ ಅನ್ನುತ್ತಾರೆ. ಅದು ನಮ್ಮ ಹಕ್ಕು ಅಂತ ಕೇಳುವ ಹಾಗಿಲ್ಲ, 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹಾಗೇ ಹೇಳಿದೆ. ಕೊಡುವುದು ಬಿಡುವುದು ಬ್ಯಾಂಕಿಗೆ ಬಿಟ್ಟದ್ದು. ಆದರೆ ಕೇಸು ಡಿಆರ್‌ಟಿಯಲ್ಲಿ ಇರುವಾಗ, ದಾಖಲೆ ಗಟ್ಟಿಯಾಗಿರುವಾಗ ಅವರು ಮಾತಾಡುವ ಧಾಟಿಯೇ ಬೇರೆ. ಬಡ್ಡಿಯಲ್ಲಿ ದೊಡ್ಡ ಪಾಲು ಬಿಟ್ಟರು. ಅಸಲು ಒಂದು ಪೈಸೆ ಬಿಡಲಿಲ್ಲ, ನಾವು ಬಿಡಿ ಅಂತ ಕೇಳಲೂ ಇಲ್ಲ. ತೆಗೆದುಕೊಂಡ ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕೃಷಿ ಭೂಮಿ ಅಂತ ತೀರ್ಮಾನವಾದರೂ ಸಾಲ ಮಾಫಿ ಆಗುವುದಿಲ್ಲ. ಬ್ಯಾಂಕು ದಾವೆ ಹೂಡಿ ವಸೂಲು ಮಾಡಬಹುದು. ಆದರೆ ಆಗ ತೋಟ ಹೋಗುವುದಕ್ಕೆ ಮೊದಲು ನ್ಯಾಯಾಧೀಶರೊಬ್ಬರು ಎರಡೂ ಕಡೆಯ ಮಾತು ಕೇಳಿರುತ್ತಾರೆ. ಬೇರೆ ರೈತರಿಗೆ ಇರುವ ಅಷ್ಟು ಅವಕಾಶವನ್ನು ನಮಗೂ ಕೊಡಿ ಅಂತ ಮಾತ್ರ ಬೆಳೆಗಾರರು ಕೇಳುತ್ತಿರುವುದು. ಕಾಫಿ ತೋಟವೂ ಕೃಷಿ ಭೂಮಿ ಅನ್ನುವ ಒಂದು ಸಾಲನ್ನು ಕಾಯ್ದೆಗೆ ಸೇರಿಸಿದರೆ ಸಾಕು.

ನಮ್ಮ ಕೇಸಿನಲ್ಲಿ ಆ ಪ್ರಶ್ನೆಗೆ ತೀರ್ಪು ಬರಲಿಲ್ಲ. ರಾಜಿಯಾದ ಮೇಲೆ ಅರ್ಜಿ ವಾಪಸ್ ತೆಗೆದುಕೊಂಡೆವು. ನನಗೆ ಅದೊಂದು ಕೊರಗು. ಅಪ್ಪನಿಗೆ ಇಲ್ಲ.

ರಾಜಿಯ ಮೊತ್ತ ಪೂರ್ತಿ ಕಟ್ಟಿದ ಮೇಲೆ ತೋಟದ ಮೂಲ ದಾಖಲೆ ಕೇಳಿದರೆ ಹೆಡ್ ಆಫೀಸಿನಿಂದ ಬರಬೇಕು ಅಂದರು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿ ಪತ್ರ ವಾಪಸ್ ಕೊಡಬೇಕು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಕೊಡಬೇಕು. ಆ ಸುತ್ತೋಲೆಯ ಪ್ರತಿ ಲಗತ್ತಿಸಿ ಒಂದು ಪತ್ರ ಕೊಟ್ಟೆ. ಅವಧಿಯೊಳಗೇ ಪತ್ರಗಳು ಕೈಗೆ ಬಂದವು. ಅಡಮಾನ ಬಿಡುಗಡೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲು ಮಾಡಿಸಿ, ಹೊಸ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದೆವು.

ಇನ್ನು ಉಳಿದಿರುವುದು ಪಹಣಿಯ 11ನೇ ಕಾಲಂ, ಋಣದ ಕಾಲಂ. ಕಾಫಿಯ ಸರ್ವೆ ನಂಬರುಗಳಲ್ಲಿ ಬ್ಯಾಂಕಿನ ಹೆಸರು ಹೋಗಿದೆ. ಗದ್ದೆಯದ್ದರಲ್ಲಿ ಇನ್ನೂ ಹಾಗೇ ಕೂತಿದೆ. ನಾಡಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಮುಂದಿನ ವಾರ ಬನ್ನಿ ಅಂದಿದ್ದಾರೆ, ಹೋಗಬೇಕು. ಅವತ್ತೇ ಪಕ್ಕದ ಊರಿನ ಇಬ್ಬರು ಬೆಳೆಗಾರರು ಹತ್ತು ವರ್ಷದ ಪಹಣಿ ತೆಗೆಸಲು ಬರುತ್ತಿದ್ದಾರೆ. ಇಬ್ಬರಿಗೂ 13(2) ಬಂದಿದೆ. ಉತ್ತರ ಕೊಡಲು ಇನ್ನೂ ದಿನ ಇದೆ.